ಒಂದೇ ವಿಳಾಸ, ಹಲವು ಯಂತ್ರಗಳು

ಕಲಬುರಗಿ ಜಿಲ್ಲೆಯ ಇಜೇರಿಯಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳಿರಿ. ಸಂಜೆಯ ಹೊತ್ತು. ಕಾಲೇಜಿನಲ್ಲಿ ಓದುವ ಅಕ್ಕ ಪಡಸಾಲೆಯಲ್ಲಿ ಗಣಕಯಂತ್ರದ ಮುಂದೆ ಕುಳಿತು ರಸಾಯನಶಾಸ್ತ್ರದ ಪಾಠ ಕೇಳುತ್ತಿದ್ದಾಳೆ. ಒಳಕೋಣೆಯಲ್ಲಿ ತಮ್ಮನು ಅದೇ ಜಾಲತಾಣದಿಂದ ಗಣಿತದ ಪಾಠವನ್ನು ತೆರೆದಿದ್ದಾನೆ. ತಂದೆಯವರು ಕಟ್ಟೆಯ ಮೇಲೆ ಮೊಬೈಲಿನಲ್ಲಿ ತೊಗರಿಯ ಧಾರಣೆಯನ್ನು ನೋಡುತ್ತಿದ್ದಾರೆ. ಮನೆಯೊಳಕ್ಕೆ ಬಂದಿರುವ ತಂತಿಯಾದರೋ ಒಂದೇ. ಹೊರಜಗತ್ತು ಆ ಮನೆಗೆ ಕೊಟ್ಟಿರುವ ವಿಳಾಸವೂ ಒಂದೇ. ಹಾಗಿದ್ದರೂ ಅಕ್ಕನ ಪಾಠ ತಮ್ಮನ ಪರದೆಗೆ ಹೋಗುವುದಿಲ್ಲ. ತೊಗರಿಯ ದರ ರಸಾಯನಶಾಸ್ತ್ರದೊಡನೆ ಬೆರೆಯುವುದಿಲ್ಲ. ಇದು ಹೇಗೆ?

ಅಂತರಜಾಲವು ಮಾಹಿತಿಯನ್ನು ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಕಟ್ಟಿ ಸಾಗಿಸುತ್ತದೆ. ಪ್ರತಿಯೊಂದು ಪೊಟ್ಟಣದ ಮೇಲೂ ಕಳುಹಿಸಿದ ಯಂತ್ರದ ವಿಳಾಸ, ಪಡೆಯುವ ಯಂತ್ರದ ವಿಳಾಸ ಎರಡೂ ಇರಲೇಬೇಕು. ೧೯೮೧ರಲ್ಲಿ ಗೊತ್ತುಪಡಿಸಿದ ನಾಲ್ಕನೆಯ ಆವೃತ್ತಿಯ ನಿಯಮದಂತೆ ಈ ವಿಳಾಸವು ೩೨ ದ್ವಿಮಾನ ಅಂಕಿಗಳ ಒಂದು ಸಂಖ್ಯೆ. ಇಂತಹ ಸಂಖ್ಯೆಗಳು ಒಟ್ಟು ೪೨೯ ಕೋಟಿ ೪೯ ಲಕ್ಷ ೬೭ ಸಾವಿರದ ೨೯೬ ಮಾತ್ರ. ಅಂದಿನ ಲೋಕದ ಜನಸಂಖ್ಯೆಗೇ ಇವು ಸಾಲುತ್ತಿರಲಿಲ್ಲ! ಕೇಂದ್ರ ಭಂಡಾರದ ಕೊನೆಯ ಕಂತುಗಳು ೨೦೧೧ರ ಫೆಬ್ರುವರಿ ೩ರಂದು ಹಂಚಿ ಮುಗಿದವು.

ಈ ಬರವನ್ನು ಮುಂದಾಗಿ ಕಂಡವರಲ್ಲಿ ಕ್ಯೆಲ್ ಎಗೆವಾಂಗ್ ಮತ್ತು ಪಾಲ್ ಫ್ರಾನ್ಸಿಸ್ ಇಬ್ಬರು. ೧೯೯೪ರ ಮೇ ತಿಂಗಳಲ್ಲಿ ಅವರು ವಿಳಾಸ ಬದಲಾಯಿಸುವ ಉಪಾಯವೊಂದನ್ನು ತಾತ್ಕಾಲಿಕ ಪರಿಹಾರವೆಂದೇ ಮುಂದಿಟ್ಟರು. ಮನೆಯೊಳಗಿನ ಯಂತ್ರಗಳಿಗೆ ಮನೆಯ ಮಟ್ಟಿಗಷ್ಟೇ ಸಲ್ಲುವ ಸಂಖ್ಯೆಗಳಿರಲಿ. ಹೊರಗೆ ಹೋಗುವಾಗ ಮಾತ್ರ ಲೋಕಮಾನ್ಯ ವಿಳಾಸವನ್ನು ತೊಡಲಿ ಎಂಬುದು ಅದರ ತಿರುಳು. ೧೯೨.೧೬೮ ಎಂದು ಮೊದಲಾಗುವ ಸಂಖ್ಯೆಗಳು ಇಂತಹ ಒಳವಿಳಾಸಗಳು; ಇಜೇರಿಯ ಮನೆಯಲ್ಲಿಯೂ, ಬೆಂಗಳೂರಿನ ಮನೆಯಲ್ಲಿಯೂ ಒಂದೇ ಸಂಖ್ಯೆಯಿದ್ದರೆ ಬಾಧಕವಿಲ್ಲ.

ಈ ವೇಷಪಲ್ಲಟವನ್ನು ನಡೆಸುವುದು ರೌಟರೆಂಬ ಪೆಟ್ಟಿಗೆ. ಪ್ರತಿ ಪೊಟ್ಟಣದಲ್ಲಿ ವಿಳಾಸದೊಡನೆ ೦ಯಿಂದ ೬೫,೫೩೫ರವರೆಗಿನ ಒಂದು ದ್ವಾರಸಂಖ್ಯೆಯೂ ಇರುತ್ತದೆ. ಅಕ್ಕನ ಯಂತ್ರವು ೫೦,೦೦೧ನೆಯ ದ್ವಾರದಿಂದ ಪೊಟ್ಟಣವನ್ನು ಕಳುಹಿತೆನ್ನೋಣ. ರೌಟರು ಅದರ ಒಳವಿಳಾಸವನ್ನು ಅಳಿಸಿ ಮನೆಯ ವಿಳಾಸವನ್ನು ಬರೆದು, ತನ್ನ ಖಾತೆಯಲ್ಲಿ ಗುರುತು ಹಾಕಿಕೊಳ್ಳುತ್ತದೆ. ಅದೇ ಕ್ಷಣ ತಮ್ಮನ ಯಂತ್ರವೂ ೫೦,೦೦೧ನ್ನೇ ಆರಿಸಿಕೊಂಡರೆ? ರೌಟರು ಅವನ ದ್ವಾರಸಂಖ್ಯೆಯನ್ನು ೬೧,೦೦೨ ಎಂದು ತಿದ್ದಿ, ಅದನ್ನೂ ಬರೆದಿಡುತ್ತದೆ. ಉತ್ತರವು ೬೧,೦೦೨ಕ್ಕೆ ಬಂದರೆ ಖಾತೆ ನೋಡಿ ತಮ್ಮನಿಗೆ ಮುಟ್ಟಿಸುತ್ತದೆ. ಕೆಲಹೊತ್ತು ಸದ್ದಿಲ್ಲದಿದ್ದರೆ ಆ ಸಾಲನ್ನು ಹೊಡೆದುಹಾಕುತ್ತದೆ. ವಿಳಾಸವನ್ನು ಹೀಗೆ ಹಂಚಬಹುದಾದರೂ ತಂತಿಯ ವೇಗವನ್ನು ಹೆಚ್ಚಿಸಲಾಗದು. ಅದನ್ನು ಮೂವರೂ ಪಾಲು ಮಾಡಿಕೊಳ್ಳಲೇಬೇಕು.

ತೊಡಕಿರುವುದು ಹೊರಗಿನಿಂದ ಮೊದಲು ಕರೆಯುವವರಿಗೆ. ಅಕ್ಕನು ಮಾಳಿಗೆಯ ಮೇಲೆ ಮಳೆಮಾಪಕವೊಂದನ್ನು ಜೋಡಿಸಿ, ಕಲಬುರಗಿಯ ಹಾಸ್ಟೆಲಿನಿಂದ ಅದರ ಲೆಕ್ಕವನ್ನು ನೋಡಬಯಸಿದಳೆನ್ನೋಣ. ಅವಳ ಪೊಟ್ಟಣವು ಮನೆಯ ಬಾಗಿಲಿಗೆ ಬರುತ್ತದೆ. ಖಾತೆಯಲ್ಲಿ ಗುರುತಿಲ್ಲವಾದುದರಿಂದ ರೌಟರು ಅದನ್ನು ಎಸೆದುಬಿಡುತ್ತದೆ. ಇದನ್ನೇ ಕೋಟೆಯೆಂದು ನಂಬಿ ನಿಶ್ಚಿಂತರಾಗಿರುವವರೂ ಉಂಟು. ಆದರೆ ಒಳಗಿನವರೇ ಇಳಿಸಿಕೊಂಡ ಕೇಡಿನ ತಂತ್ರಾಂಶವನ್ನು ಅದು ತಡೆಯದು. ಇಂತಿಂತಹ ದ್ವಾರಕ್ಕೆ ಬಂದುದನ್ನು ಮಳೆಮಾಪಕಕ್ಕೆ ಕೊಡು ಎಂದು ರೌಟರಿಗೆ ಮೊದಲೇ ಆಜ್ಞೆ ಬರೆದಿಡಬಹುದು. ಆದರೆ ಸೇವೆ ಒದಗಿಸುವ ಸಂಸ್ಥೆಯೇ ಹಲವು ಮನೆಗಳನ್ನು ಒಂದು ವಿಳಾಸದ ಹಿಂದೆ ಕೂಡಿಸಿದ್ದರೆ (೨೦೧೨ರಲ್ಲಿ ಇದಕ್ಕೆಂದೇ ೧೦೦.೬೪ ಎಂದು ಮೊದಲಾಗುವ ಸಂಖ್ಯೆಗಳನ್ನು ಮೀಸಲಿಟ್ಟರು) ಆ ಆಜ್ಞೆಯೂ ನಿಷ್ಫಲ. ದೊಡ್ಡ ಖಾತೆ ಅವಳ ಕೈಯಲ್ಲಿಲ್ಲ.

ಆರನೆಯ ಆವೃತ್ತಿಯ ವಿಳಾಸವು ೧೨೮ ದ್ವಿಮಾನ ಅಂಕಿಗಳದು. ಅಲ್ಲಿ ಮಳೆಮಾಪಕಕ್ಕೂ ಸ್ವಂತದ ಲೋಕಮಾನ್ಯ ವಿಳಾಸ ದೊರೆಯುತ್ತದೆ, ವೇಷಪಲ್ಲಟ ಬೇಕಿಲ್ಲ. ಆದರೆ ಇಜೇರಿಯ ತಂತಿ, ಕಲಬುರಗಿಯ ಹಾಸ್ಟೆಲು ಎರಡೂ ಕಡೆ ಆ ಆವೃತ್ತಿ ಬಳಕೆಯಲ್ಲಿರಬೇಕು. ಯಾರನ್ನು ಒಳಗೆ ಬಿಡಬೇಕೆಂಬುದನ್ನು ರೌಟರಿನ ಕಾವಲಿಗೆ ಆಗಲೂ ಹೇಳಿಯೇ ಇರಬೇಕು.