ಬೇಂದ್ರೆಯವರ ಪಾಠ ಮತ್ತು ವಾಚನ

ಬೇಂದ್ರೆಯವರ ಪದ್ಯವನ್ನು ಮಕ್ಕಳಿಂದ ಓದಿಸುವಾಗ ತಾವೂ ಗಮನಿಸಿರಬಹುದು: ಕಣ್ಣು ಎಡವಿದ ಕಡೆ ಕಿವಿ ಎಡವುವುದಿಲ್ಲ. ಧಾರವಾಡದ ಆಡುಮಾತಿನ ಎಳೆತ, ಒಳಪ್ರಾಸ, ಒಂದೇ ಶಬ್ದದಲ್ಲಿ ಅಡಗಿದ ಎರಡು ಅರ್ಥ, ಇವೆಲ್ಲ ದನಿಯಲ್ಲಿ ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಗುರುಲಘುಗಳನ್ನು ಬೆರಳಿನಲ್ಲಿ ಎಣಿಸಿ ಕಲಿತ ನಮ್ಮಂಥ ಪಂಡಿತರಿಗೆ ಇದು ತುಸು ತಡವಾಗಿ ಹೊಳೆಯುತ್ತದೆ!

1929ರಲ್ಲಿ ಬೆಳಗಾವಿಯ ಸಾಹಿತ್ಯ ಸಮ್ಮೇಳನದಲ್ಲಿ ಅವರು, ಕಾಲವನ್ನೇ ಹಕ್ಕಿಯಾಗಿ ಕಂಡ ತಮ್ಮ ಕವಿತೆಯನ್ನು ವಾಚಿಸಿದರು. ಸಭೆಗೆ ಸಭೆಯೇ ಮಾರುಹೋಯಿತು. ಆ ಕವಿತೆಯುಳ್ಳ ‘ಗರಿ’ ಹೊರಬಂದದ್ದು 1932ರಲ್ಲಿ. ನಾಡು ಮೊದಲು ಕೇಳಿತು, ಆಮೇಲೆ ಓದಿತು.

ವೃತ್ತಿಯಿಂದ ಅವರು ಮಾಸ್ತರರು. ಧಾರವಾಡದ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದರು. ಶಾಲೆಯ ಹೊರಗೆ ಅವರ ಸುತ್ತ ‘ಗೆಳೆಯರ ಗುಂಪು’ ಬೆಳೆಯಿತು. ಎಳೆಯ ವಯಸ್ಸಿನಲ್ಲಿ ಆ ಗುಂಪಿಗೆ ಬಂದ ವಿನಾಯಕ ಕೃಷ್ಣ ಗೋಕಾಕರು ಬೇಂದ್ರೆಯವರನ್ನು ತಮ್ಮ ಕಾವ್ಯಗುರುವೆಂದೇ ಭಾವಿಸಿದ್ದರು.

ಆದರೆ ‘ನರಬಲಿ’ ಎಂಬ ಒಂದು ಪದ್ಯಕ್ಕಾಗಿ ಬ್ರಿಟಿಷ್ ಸರಕಾರ ಕವಿಯನ್ನು ಹಿಂಡಲಗಿ ಸೆರೆಮನೆಗೆ ಕಳಿಸಿತು. ಬಳಿಕ ಧಾರವಾಡದ ಬಳಿಯ ಮುಗದದಲ್ಲಿ ಸ್ಥಾನಬದ್ಧತೆ. ಮಾಸ್ತರಿಕೆ ಹೋಯಿತು. ವರ್ಷಗಟ್ಟಲೆ ಸ್ಥಿರವಾದ ಸಂಬಳವಿಲ್ಲ. ಮನೆಯಲ್ಲಿ ಮಕ್ಕಳ ಸಾವಿನ ದುಃಖ ಬೇರೆ. 1943ರಲ್ಲಿ ಶಿವಮೊಗ್ಗೆಯ ಸಮ್ಮೇಳನದ ಅಧ್ಯಕ್ಷಪೀಠವೇರಿದಾಗಲೂ ಅವರಿಗೆ ಕಾಯಂ ಮಾಸ್ತರಿಕೆಯಿರಲಿಲ್ಲ! ಮರುವರ್ಷ ಸೊಲ್ಲಾಪುರದ ಡಿ.ಎ.ವಿ. ಕಾಲೇಜು ಅವರನ್ನು ಕನ್ನಡ ಪ್ರಾಧ್ಯಾಪಕರನ್ನಾಗಿ ಕರೆಯಿತು. ಮರಾಠಿಯೂ ಕನ್ನಡವೂ ಬೆರೆತ ಆ ಊರಿನಲ್ಲಿ ಹನ್ನೆರಡು ವರ್ಷ ಪಾಠ ಹೇಳಿ, 1956ರಲ್ಲಿ ನಿವೃತ್ತರಾದ ಮೇಲೆ ಧಾರವಾಡ ಆಕಾಶವಾಣಿಯ ಸಲಹೆಗಾರರಾದರು. ಸಭೆಯಲ್ಲಿ ಮೊಳಗಿದ ದನಿ ಮನೆಮನೆಯ ರೇಡಿಯೋಕ್ಕೂ ಬಂತು.

ಅವರ ವಾಚನ ಇನ್ನೊಮ್ಮೆ ಬಿತ್ತರವಾದಾಗ ಪುಸ್ತಕ ಮುಚ್ಚಿಟ್ಟು, ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಕೇಳಿರಿ.