ಸಿಡಿಲು, ನ್ಯೂಟ್ರಲ್ ಮತ್ತು ನಮ್ಮ ತೇವಾಂಶ ಮಾಪಕ

ಕಾಫಿ ಒಣಗಿತೋ ಇಲ್ಲವೋ ಎಂಬುದನ್ನು ಹಿಂದೆ ಬೇಳೆ ಕಚ್ಚಿ, ಬೊಗಸೆಯಲ್ಲಿ ಅಲುಗಿಸಿ ತೀರ್ಮಾನಿಸುತ್ತಿದ್ದೆವು. ಈಗ ಸಣ್ಣ ಬೆಳೆಗಾರರ ಮನೆಯಲ್ಲೂ ಒಂದು ಮೂಲೆ ಪುಟ್ಟ ಪ್ರಯೋಗಶಾಲೆಯಂತಾಗಿದೆ. ತೇವಾಂಶ ಮಾಪಕ, ಎಲೆಕ್ಟ್ರಾನಿಕ್ ತಕ್ಕಡಿ, ಮಣ್ಣು ಪರೀಕ್ಷೆಯ ಪಿಎಚ್ ಮೀಟರು ಅಲ್ಲಿವೆ. ಇವೆಲ್ಲ ಬಹಳ ಸೂಕ್ಷ್ಮ. ನಮ್ಮ ಕರೆಂಟೋ ಬಹಳ ಒರಟು.

ಯಂತ್ರ ಪೂರ್ತಿ ಸುಟ್ಟರೆ ಗೊತ್ತಾಗುತ್ತದೆ. ಅರ್ಧ ಕೆಟ್ಟು ತಪ್ಪು ಅಂಕಿ ತೋರಿಸತೊಡಗಿದರೆ ಗೊತ್ತಾಗುವುದಿಲ್ಲ. ಶೇ. 11ಕ್ಕೆ ನಿಲ್ಲಿಸಬೇಕಾದ ರೊಬಸ್ಟಾ ಚೆರಿಯನ್ನು ಮಾಪಕ ನಂಬಿ ಶೇ. 9ರವರೆಗೆ ಒಣಗಿಸಿದರೆ ಪ್ರತಿ 100 ಕಿಲೋಗೆ ಸುಮಾರು 2 ಕಿಲೋ 200 ಗ್ರಾಂ ತೂಕ ಕಣದಲ್ಲೇ ಆವಿಯಾಗಿ ಹೋಗುತ್ತದೆ. ಹಸಿಯಾಗಿ ಮೂಟೆ ಕಟ್ಟಿದರೆ ಬೂಷ್ಟು.

ಸದಸ್ಯರಲ್ಲಿ ಹೆಚ್ಚಿನವರು ಒಂದು ಸ್ಟೆಬಿಲೈಸರ್ ತಂದಿಟ್ಟು ನಿಶ್ಚಿಂತರಾಗುತ್ತಾರೆ. ಅದು ನಿಧಾನವಾದ ಏರಿಳಿತಕ್ಕೆ ಮದ್ದು. ಪಲ್ಪರ್ ಮೋಟಾರು ಹೊರಡುವಾಗ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆದು ವೋಲ್ಟೇಜು ಕುಸಿಯುತ್ತದಲ್ಲ, ಅಂಥದ್ದನ್ನು ಅದು ಕೆಲ ಕ್ಷಣಗಳಲ್ಲಿ ಸರಿಪಡಿಸೀತು. ಸಿಡಿಲಿನ ಆಘಾತವಾದರೋ ಸೆಕೆಂಡಿನ ಲಕ್ಷದಲ್ಲೊಂದು ಪಾಲಿನಷ್ಟು ಹೊತ್ತಿನಲ್ಲಿ ಬಂದು ಮುಗಿದಿರುತ್ತದೆ. ಸಾಮಾನ್ಯ ಇನ್ವರ್ಟರೂ ಇದಕ್ಕೆ ರಕ್ಷಣೆಯಲ್ಲ. ಲೈನಿನಲ್ಲಿ ಕರೆಂಟು ಇರುವಷ್ಟು ಹೊತ್ತು ಅದು ಬಂದದ್ದನ್ನು ಹಾಗೆಯೇ ದಾಟಿಸುತ್ತದೆ.

ನಮ್ಮ ಸೀಮೆಯಲ್ಲಿ ಕಾಟ ಎರಡು ಬಗೆ, ಎರಡು ಕಾಲದ್ದು. ಮೊದಲನೆಯದು ಹೂಮಳೆಯಿಂದ ಮೇ ತಿಂಗಳವರೆಗಿನ ಗುಡುಗು-ಸಿಡಿಲು. ಸಿಡಿಲು ಮನೆಗೇ ಬಡಿಯಬೇಕೆಂದಿಲ್ಲ, ದೂರದ ಲೈನಿಗೆ ಬಡಿದರೂ ತಂತಿಯಲ್ಲಿ ಹರಿದು ಬರುತ್ತದೆ. ಇದಕ್ಕೆ ಮೀಟರ್ ಬೋರ್ಡಿನಲ್ಲೇ ಸರ್ಜ್ ಪ್ರೊಟೆಕ್ಟರ್ ಕೂರಿಸಬೇಕು. ಹೆಚ್ಚುವರಿ ಆಘಾತವನ್ನು ಅದು ನೆಲಕ್ಕಿಳಿಸುತ್ತದೆ. ಅದರ ತಂತಿಗಳು ಮೊಳಕ್ಕಿಂತ ಉದ್ದವಿರಬಾರದು; ಸುತ್ತಿ ಬಳಸಿ ಎಳೆದರೆ ಹಾಕಿದ್ದೂ ದಂಡ.

ಆದರೆ ನೆಲಕ್ಕಿಳಿಸಲು ನೆಲ ಒಪ್ಪಬೇಕಷ್ಟೆ. ಸಿಡಿಲು ಹೆಚ್ಚಿರುವ ಆ ದಿನಗಳಲ್ಲೇ ನಮ್ಮ ಜಂಬಿಟ್ಟಿಗೆ, ಗರಸು ಮಣ್ಣು ಒಣಗಿ ಕರೆಂಟು ಹೀರುವ ಶಕ್ತಿ ಕಳೆದುಕೊಂಡಿರುತ್ತದೆ. ಹತ್ತಾರು ವರ್ಷಗಳ ಹಿಂದೆ ಇದ್ದಿಲು, ಉಪ್ಪು ತುಂಬಿ ಹೂತ ಪೈಪು ಆ ಉಪ್ಪಿನಿಂದಲೇ ತುಕ್ಕು ತಿಂದಿರಬಹುದು. ಫೆಬ್ರವರಿಯಲ್ಲೇ ಎಲೆಕ್ಟ್ರಿಷಿಯನ್ನರಿಂದ ಅರ್ಥಿಂಗ್ ಅಳೆಸಿರಿ. 5 ಓಮ್ ಒಳಗಿದ್ದರೆ ಉತ್ತಮ. ಬೇಸಿಗೆಯುದ್ದಕ್ಕೂ ಗುಂಡಿಗೆ ನೀರು ಹೊಯ್ಯಿರಿ. ಅಡಿಕೆ ಗಿಡಕ್ಕೆ ಹೊಯ್ಯುವವರಿಗೆ ಇನ್ನೆರಡು ಕೊಡ ಭಾರವಲ್ಲ. ಉಪಕರಣಕ್ಕೆಂದು ಬೇರೆಯೇ ಅರ್ಥಿಂಗ್ ಕೊಡಿಸಿ ಎಂದು ಕೆಲವರು ಸಲಹೆ ಕೊಡುತ್ತಾರೆ. ಮನೆಯ ಅರ್ಥಿಂಗಿಗೆ ಜೋಡಿಸದೆ ಪ್ರತ್ಯೇಕ ಬಿಟ್ಟರೆ ಸಿಡಿಲಿನ ವೇಳೆ ಎರಡರ ನಡುವೆ ಭಾರಿ ವೋಲ್ಟೇಜು ಹುಟ್ಟಿ ಅದೇ ಉಪಕರಣವನ್ನು ಸುಡುತ್ತದೆ. ಗುಂಡಿ ಎಷ್ಟಾದರೂ ಇರಲಿ, ಎಲ್ಲವೂ ಒಂದಕ್ಕೊಂದು ಜೋಡಿಸಿರಬೇಕು.

ಎರಡನೆಯದು ಮಳೆಗಾಲದ ಕಾಟ. ಗಾಳಿಗೆ ಸಿಲ್ವರ್ ಓಕ್ ಮುರಿದು ಲೈನಿನ ನ್ಯೂಟ್ರಲ್ ತಂತಿಯೊಂದೇ ಕಡಿದರೆ 230 ವೋಲ್ಟ್ ಬರಬೇಕಾದ ಮನೆಗೆ 400ರ ಹತ್ತಿರ ಬರಬಹುದು. ಒಂದು ಮನೆಯ ಬಲ್ಬು ಕಣ್ಣು ಕುಕ್ಕುವಂತೆ ಉರಿದು ಪಕ್ಕದ ಮನೆಯದು ಮಂಕಾಗಿದ್ದರೆ ತಡಮಾಡದೆ ಮೇನ್ ಸ್ವಿಚ್ ತೆಗೆಯಿರಿ. ಇಲ್ಲಿ ಸರ್ಜ್ ಪ್ರೊಟೆಕ್ಟರ್ ಉಪಯೋಗಕ್ಕೆ ಬಾರದು. ನಿಮಿಷಗಟ್ಟಲೆ ನಿಲ್ಲುವ ಹೆಚ್ಚು ವೋಲ್ಟೇಜನ್ನು ತಡೆಯಹೋಗಿ ತಾನೇ ಕಾದು ಸುಟ್ಟೀತು. ಬೇಕಾದದ್ದು ವೋಲ್ಟೇಜು ಮಿತಿ ಮೀರಿದೊಡನೆ ಸಂಪರ್ಕ ಕಡಿಯುವ, ಸರಿಯಾದ ಮೇಲೂ ಎರಡು-ಮೂರು ನಿಮಿಷ ಕಾದು ಜೋಡಿಸುವ ಕಟ್-ಆಫ್ ಸಾಧನ. ಕೈಯಲ್ಲಿ ಹಣ ಕಡಿಮೆಯಿದ್ದರೆ ಸ್ಟೆಬಿಲೈಸರಿಗಿಂತ ಮೊದಲು ಅರ್ಥಿಂಗ್ ಮತ್ತು ಈ ಎರಡು ಸಾಧನಗಳಿಗೆ ವೆಚ್ಚ ಮಾಡುವುದೇ ಲೇಸೆಂದು ನಮ್ಮ ಅಭಿಪ್ರಾಯ.

ಖರ್ಚಿಲ್ಲದ ಉಪಾಯವೂ ಉಂಟು. ಬ್ಯಾಟರಿಯಲ್ಲಿ ನಡೆಯುವ ಮಾಪಕ, ತಕ್ಕಡಿಗಳನ್ನು ಬ್ಯಾಟರಿಯಲ್ಲೇ ಬಳಸಿ, ಮೋಡವಿಲ್ಲದ ಹೊತ್ತಿನಲ್ಲಿ ಚಾರ್ಜ್ ಮಾಡಿಕೊಳ್ಳಿ. ಗುಡುಗು ದೂರದಲ್ಲಿರುವಾಗಲೇ ಪ್ಲಗ್ಗು ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ಸಿಡಿಲು ತಲೆಯ ಮೇಲೆ ಬಂದ ನಂತರ ಪ್ಲಗ್ಗು ಮುಟ್ಟಲು ಹೋಗಬೇಡಿ.

ಸರ್ಜ್ ಪ್ರೊಟೆಕ್ಟರಿಗೂ ಆಯುಷ್ಯವಿದೆ. ಪ್ರತಿ ದೊಡ್ಡ ಆಘಾತಕ್ಕೂ ಅದು ಸವೆಯುತ್ತದೆ. ಅದರ ಪುಟ್ಟ ಕಿಂಡಿ ಹಸಿರಿನಿಂದ ಕೆಂಪಾದರೆ ಬದಲಾಯಿಸಬೇಕು. ದೊಡ್ಡ ಗುಡುಗಾದ ಮರುದಿನ ಆ ಕಿಂಡಿಯನ್ನೊಮ್ಮೆ ನೋಡಿ, ಮುದ್ರೆಯಿರುವ ಒಂದು ಕಿಲೋ ತೂಕವನ್ನು ತಕ್ಕಡಿಯ ಮೇಲಿಟ್ಟು ಪರೀಕ್ಷಿಸಿ. ತೇವಾಂಶ ಮಾಪಕದ ಬಗ್ಗೆ ಸಂಶಯವಿದ್ದರೆ ಅದೇ ಕಾಫಿಯ ಒಂದು ಹಿಡಿಯನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿಕೊಂಡು ಇನ್ನೊಬ್ಬರ ಮಾಪಕದಲ್ಲಿ ನೋಡಿಸಿ, ಆಮೇಲೆ ಮೂಟೆ ಕಟ್ಟಿರಿ.