ಕಡಲಿನ ಮುಳ್ಳಿನ ಕಿರೀಟ

ಮುಳ್ಳಿನ ಕಿರೀಟ ಎಂದೊಡನೆ ನಮಗೆ ನೆನಪಾಗುವುದು ತಪಸ್ಸುಕಾಲ, ಶಿಲುಬೆ ಹಾದಿ. ಇದೇ ಹೆಸರಿನ ಒಂದು ನಕ್ಷತ್ರಮೀನೂ ಇದೆ. ಹೆಸರಿಗಷ್ಟೇ ಮೀನು. ಮೈತುಂಬ ವಿಷದ ಮುಳ್ಳು, 21ರವರೆಗೂ ತೋಳುಗಳು, ಊಟದ ತಟ್ಟೆಯಷ್ಟು ಅಗಲ. ನಮ್ಮ ಕಾಸರಗೋಡಿನ ಪಡುವಣ ಕಡಲಾಚೆ, ಲಕ್ಷದ್ವೀಪದ ಹವಳ ದಿಬ್ಬಗಳಲ್ಲೂ ಇದು ಕಾಣಸಿಗುತ್ತದೆ.

ಇದರ ಊಟ ಜೀವಂತ ಹವಳ. ಹವಳದ ಮೇಲೆ ಏರಿ ಕುಳಿತು, ತನ್ನ ಹೊಟ್ಟೆಯನ್ನೇ ಬಾಯಿಂದ ಹೊರಚಾಚಿ, ಅಲ್ಲೇ ಕರಗಿಸಿ ಹೀರುತ್ತದೆ. ಎದ್ದು ಹೋದ ಮೇಲೆ ಉಳಿಯುವುದು ಬಿಳಿ ಎಲುಬು ಮಾತ್ರ. ಹೀಗೆ ಒಂದು ನಕ್ಷತ್ರಮೀನು ವರ್ಷಕ್ಕೆ 10 ಚದರ ಮೀಟರಿನಷ್ಟು ಹವಳ ಮುಗಿಸಬಲ್ಲದು. ಹಾಗೆಂದು ಇದನ್ನು ಸೈತಾನನೆಂದು ಬಗೆಯಬೇಕಿಲ್ಲ. ಅಲ್ಲೊಂದು ಇಲ್ಲೊಂದು ಇದ್ದರೆ, ಬೇಗ ಬೆಳೆಯುವ ಹವಳವನ್ನು ತಿಂದು ನಿಧಾನವಾಗಿ ಬೆಳೆಯುವ ಹವಳಕ್ಕೆ ಜಾಗ ಮಾಡಿಕೊಡುತ್ತದೆ. ಹೆಕ್ಟೇರಿಗೆ ಸುಮಾರು 15 ದಾಟಿತೋ, ಹವಳ ಬೆಳೆಯುವುದಕ್ಕಿಂತ ಇವು ತಿನ್ನುವುದೇ ಹೆಚ್ಚಾಗುತ್ತದೆ.

ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಆದದ್ದು ಅದೇ. 1962ರಲ್ಲಿ ಕೇರ್ನ್ಸ್ ಪಟ್ಟಣದ ಬಳಿಯ ಗ್ರೀನ್ ದ್ವೀಪದಲ್ಲಿ ಶುರುವಾದ ಹಾವಳಿ ಮತ್ತೆ ಮತ್ತೆ ಮರುಕಳಿಸಿತು. 1985ರಿಂದ 2012ರ ನಡುವೆ ಅಲ್ಲಿನ ಹವಳ ಅರ್ಧಕ್ಕಿಳಿಯಿತು. ಆ ನಷ್ಟದಲ್ಲಿ ಶೇ. 42ರಷ್ಟು ಈ ಜೀವಿಯ ಪಾಲೆಂದು ವಿಜ್ಞಾನಿಗಳು ಲೆಕ್ಕ ಹಾಕಿದರು.

ಕಾರಣ? ಒಂದು ಹೆಣ್ಣು ಒಂದೇ ಋತುವಿನಲ್ಲಿ ಕೋಟಿಗಟ್ಟಲೆ ಮೊಟ್ಟೆ ಇಡುತ್ತದೆ. ಮಳೆಗಾಲದಲ್ಲಿ ಹೊಲಗಳ ಗೊಬ್ಬರ ಕಡಲಿಗೆ ಹರಿದಾಗ ನೀರಿನ ಸೂಕ್ಷ್ಮ ಪಾಚಿ ಹೆಚ್ಚುತ್ತದೆ, ಅದನ್ನು ತಿಂದು ಮರಿಗಳು ಉಳಿಯುತ್ತವೆ ಎಂಬುದು ಒಂದು ವಾದ. ಎಲ್ಲ ವಿಜ್ಞಾನಿಗಳೂ ಒಪ್ಪಿಲ್ಲ. ಮೀನುಗಾರಿಕೆ ನಿಷೇಧಿಸಿದ ಕಡೆ ಹಾವಳಿ ಕಡಿಮೆ ಎಂಬುದಂತೂ ಕಂಡುಬಂದಿದೆ.

ಕೊಲ್ಲುವುದು ಸುಲಭವಲ್ಲ. ತುಂಡರಿಸಿದರೂ ಬದುಕಿ ಮತ್ತೆ ತೋಳು ಬೆಳೆಸಿಕೊಳ್ಳಬಲ್ಲದು. ಮುಳುಗುಗಾರರು ಒಂದೊಂದನ್ನೂ ಹುಡುಕಿ ಚುಚ್ಚುಮದ್ದು ಕೊಡಬೇಕು. ಹಿಂದೆ ಒಂದಕ್ಕೆ ಹತ್ತಾರು ಸಲ ಚುಚ್ಚಬೇಕಿತ್ತು. ಆಮೇಲೆ ದನದ ಪಿತ್ತರಸದ ಲವಣ ಬಂತು, ಒಂದೇ ಚುಚ್ಚು ಸಾಕಾಯಿತು. 2015ರಲ್ಲಿ ಜೇಮ್ಸ್ ಕುಕ್ ವಿಶ್ವವಿದ್ಯಾಲಯದವರು ಇನ್ನೂ ಅಗ್ಗದ ಮದ್ದು ತೋರಿಸಿದರು: ನಮ್ಮ ಮನೆಗಳಲ್ಲಿ ಹಂದಿಮಾಂಸಕ್ಕೆ ಹಾಕುವ ಅದೇ ವಿನೆಗರ್! 48 ಗಂಟೆಯೊಳಗೆ ಸಾವು. ಮುಳ್ಳಿನ ಕಿರೀಟದ ಬಳಿ ಹುಳಿರಸವೂ ಬಂದು ಸೇರಿದ್ದನ್ನು ಓದಿ ನಾವು ಒಂದು ಗಳಿಗೆ ಸುಮ್ಮನಾದೆವು.

ಎಲ್ಲವನ್ನೂ ಅಳಿಸುವ ಆಸೆ ಅಲ್ಲಿ ಯಾರಿಗೂ ಇಲ್ಲ. ಹವಳ ಚೇತರಿಸಿಕೊಳ್ಳುವಷ್ಟರ ಮಟ್ಟಿಗೆ ಸಂಖ್ಯೆ ಇಳಿಸಿದರೆ ಸಾಕು. ಆದರೂ ಅವು ಸಂದುಗಳಲ್ಲಿ ಅಡಗುವುದರಿಂದ ಅದೇ ದಿಬ್ಬಕ್ಕೆ ಮತ್ತೆ ಮತ್ತೆ ಇಳಿಯಬೇಕು. ಅಲ್ಲಿ ಅವರಿಗೆ ಪುಟ್ಟ ಜೊತೆಗಾರರೂ ಇದ್ದಾರೆ. ಹವಳದ ಕೊಂಬೆಗಳ ನಡುವೆ ವಾಸಿಸುವ ಸಣ್ಣ ಏಡಿಗಳು, ನಕ್ಷತ್ರಮೀನು ಹತ್ತಿರ ಬಂದರೆ ಅದರ ಕಾಲುಗಳನ್ನು ಚಿವುಟಿ ಓಡಿಸುತ್ತವೆ.